ಕೇಳದೆ ಕೊಟ್ಟ ತೀರ್ಪುಗಳು

ಹದಿನೇಳನೆಯ ಶತಮಾನದ ಮೊದಲ ಅರ್ಧದಲ್ಲಿ ಯೂರೋಪಿನ ಪಂಡಿತರು ತಾವು ಕಂಡ ಸತ್ಯವನ್ನು ಕಂಡೊಡನೆ ಹೇಳುತ್ತಿರಲಿಲ್ಲ. ಹೇಳಿದರೆ ಮತ್ತೊಬ್ಬನು ಕದ್ದಾನು, ಸುಮ್ಮನಿದ್ದರೆ ಮತ್ತೊಬ್ಬನು ಮೊದಲೇ ಹೇಳಿಬಿಟ್ಟಾನು. ಈ ಎರಡು ಭಯಗಳ ನಡುವೆ ಅವರೊಂದು ಉಪಾಯ ಹೂಡಿದ್ದರು. 1610ರಲ್ಲಿ ಶನಿಗ್ರಹದ ಎರಡು ಪಕ್ಕಗಳಲ್ಲಿ ಏನೋ ಅಂಟಿಕೊಂಡಂತೆ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಕಂಡ. ಆ ಸಂಗತಿಯನ್ನು ಲ್ಯಾಟಿನ್ ವಾಕ್ಯವಾಗಿ ಬರೆದು, ಅದರ ಅಕ್ಷರಗಳನ್ನೆಲ್ಲ ಕಲಸಿ, ತಲೆಬುಡವಿಲ್ಲದ ಒಂದು ಅಕ್ಷರಸಾಲನ್ನು ಮಾಡಿ ಹಂಚಿದ. ಮುಂದೆ ಯಾರಾದರೂ ಇದು ತನ್ನದೆಂದು ಬಂದರೆ ಒಗಟನ್ನು ಬಿಡಿಸಿ ತೋರಿಸಬಹುದಿತ್ತು. ಕೆಪ್ಲರನಂಥ ಮೇಧಾವಿ ಅದನ್ನು ಬಿಡಿಸಲು ಹೋಗಿ, ಮಂಗಳನಿಗೆ ಎರಡು ಚಂದ್ರರಿದ್ದಾರೆಂದು ಓದಿಕೊಂಡ. ಹಾಲೆಂಡಿನ ಹೈಗನ್ಸ್ ಶನಿಯ ಬಳೆಯನ್ನು ಗುರುತಿಸಿದಾಗಲೂ ಇದೇ ದಾರಿ ಹಿಡಿದ. ವಿದ್ಯೆ ಬೆಳೆಯಬೇಕಾದರೆ ಅದು ಬಯಲಿಗೆ ಬರಬೇಕು. ಬಯಲಿಗೆ ಬಂದದ್ದು ಇಂಥವನದೇ ಎಂದು ಸಾಕ್ಷಿ ನುಡಿಯುವವರು ಆಗ ಇರಲಿಲ್ಲ.

ಆ ಸಾಕ್ಷಿಯ ಸ್ಥಾನದಲ್ಲಿ ಪತ್ರಿಕೆ ಬಂದು ನಿಂತದ್ದು 1665ರಲ್ಲಿ. ಜನವರಿ 5ರಂದು ಪ್ಯಾರಿಸ್ಸಿನಲ್ಲಿ ಡೆನಿ ದ ಸಾಲೊ ಎಂಬ ನ್ಯಾಯಾಧಿಕಾರಿ ಪಂಡಿತರಿಗಾಗಿ ಒಂದು ವಾರಪತ್ರಿಕೆಯನ್ನು ಹೊರಡಿಸಿದ. ಪುಸ್ತಕಗಳ ಮೇಲೆ ನಿರ್ದಾಕ್ಷಿಣ್ಯವಾಗಿ ಬರೆದದ್ದರಿಂದ ಹಲವರ ಕೋಪಕ್ಕೆ ಗುರಿಯಾಗಿ ಮೂರೇ ತಿಂಗಳಲ್ಲಿ ಅದು ನಿಂತಿತು. ಮರುವರ್ಷ ಬೇರೊಬ್ಬ ಸಂಪಾದಕನ ಕೈಯಲ್ಲಿ, ತಗ್ಗಿದ ದನಿಯಲ್ಲಿ ಮುಂದುವರಿಯಿತು. ಲಂಡನ್ನಿನ ಕಥೆ ಬೇರೆ. ಅಲ್ಲಿ ಮಾರ್ಚ್ 6ರ ಸೋಮವಾರ ಅಚ್ಚಾಗಿ ಬಂದ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಇಂದಿಗೂ ಬದುಕಿದೆ.

ಅದನ್ನು ಹುಟ್ಟಿಸಿದವನು ಇಂಗ್ಲೆಂಡಿನವನಲ್ಲ. ಹೆನ್ರಿ ಓಲ್ಡನ್‌ಬರ್ಗ್ ಜರ್ಮನಿಯ ಬ್ರೆಮೆನ್ ನಗರದವನು. 1653ರಲ್ಲಿ ಆ ನಗರದ ದೂತನಾಗಿ, ಆಗ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್ಲನಲ್ಲಿಗೆ ಬಂದವನು ಅಲ್ಲೇ ಉಳಿದ. ರಾಬರ್ಟ್ ಬಾಯ್ಲ್‌ನ ಸೋದರಳಿಯನಿಗೆ ಪಾಠ ಹೇಳುತ್ತ ಅವನೊಡನೆ ಯೂರೋಪಿನಲ್ಲಿ ಸಂಚರಿಸಿ, ಹೋದಲ್ಲೆಲ್ಲ ಪಂಡಿತರ ಸ್ನೇಹ ಕಟ್ಟಿಕೊಂಡ. 1661ರಲ್ಲಿ ಹಾಲೆಂಡಿನ ರೈನ್ಸ್‌ಬರ್ಗ್ ಹಳ್ಳಿಗೆ ಹೋಗಿ ಯುವಕ ಸ್ಪಿನೋಜಾನನ್ನು ಕಂಡು ಮಾತಾಡಿಸಿ ಬಂದ. ಲಂಡನ್ನಿನ ವಿದ್ವತ್ಸಭೆಯಾದ ರಾಯಲ್ ಸೊಸೈಟಿಗೆ ಅರಸನ ಸನದು ದೊರೆತಾಗ ಇಬ್ಬರು ಕಾರ್ಯದರ್ಶಿಗಳಲ್ಲಿ ಒಬ್ಬನಾದ. ಸಂಬಳವಿಲ್ಲ, ಪತ್ರವ್ಯವಹಾರ ಬೆಟ್ಟದಷ್ಟು. ಹಲವು ಭಾಷೆಗಳಲ್ಲಿ ಬಂದ ಕಾಗದಗಳನ್ನು ಓದುವುದು, ಉತ್ತರಿಸುವುದು, ನಕಲು ಮಾಡುವುದು ಅವನ ದಿನಚರಿ. ಪತ್ರಿಕೆಯನ್ನು ಆತ ತನ್ನ ಖರ್ಚಿನಲ್ಲಿ, ತನ್ನ ಹೊಣೆಯಲ್ಲಿ ಆರಂಭಿಸಿದ. ಅದರಿಂದ ಜೀವನ ಸಾಗೀತೆಂಬ ಆಸೆಯಿತ್ತು. ಕೈಗೆ ಬಂದದ್ದು ವರ್ಷಕ್ಕೆ ಸುಮಾರು 40 ಪೌಂಡು.

ಮೊದಲ ಸಂಚಿಕೆಯ ಬರಹಗಳು ಒಂದಕ್ಕೊಂದು ಸಂಬಂಧವಿಲ್ಲದವು: ರೋಮ್ ನಗರದಲ್ಲಿ ತಯಾರಾದ ಹೊಸ ಮಸೂರಗಳು, ಗುರುಗ್ರಹದ ಮೇಲೆ ಕಂಡ ಒಂದು ಕಲೆ, ಬರ್ಮುಡಾದ ತಿಮಿಂಗಿಲ ಬೇಟೆ, ವಿಕಾರವಾಗಿ ಹುಟ್ಟಿದ ಒಂದು ಕರು, ಆಗತಾನೆ ತೀರಿಕೊಂಡಿದ್ದ ಗಣಿತಜ್ಞ ಫರ್ಮಾನ ಸ್ಮರಣೆ. ಇದನ್ನು ಅಚ್ಚಿಗೆ ಕಳಿಸುವ ಮೊದಲು ಸೊಸೈಟಿಯ ಆಡಳಿತ ಮಂಡಲಿ ಒಂದು ಅಪ್ಪಣೆ ಹೊರಡಿಸಿತ್ತು. ತಿಂಗಳ ಮೊದಲ ಸೋಮವಾರ, ಸಾಕಷ್ಟು ಸಾಮಗ್ರಿಯಿದ್ದರೆ, ಓಲ್ಡನ್‌ಬರ್ಗ್ ಪತ್ರಿಕೆಯನ್ನು ಪ್ರಕಟಿಸಬಹುದು. ಆದರೆ ಸದಸ್ಯರಲ್ಲಿ ಕೆಲವರು ಅದನ್ನು ಮೊದಲು ಓದಿ ನೋಡಿರಬೇಕು. ಅಚ್ಚಿಗೆ ಮೊದಲು ಬಲ್ಲವರಿಂದ ಪರಿಶೀಲನೆ ಮಾಡಿಸುವ ಪೀರ್ ರಿವ್ಯೂ ಪದ್ಧತಿ ಈ ಅಪ್ಪಣೆಯಲ್ಲೇ ಹುಟ್ಟಿತೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಪರವಾನಗಿಯಿಲ್ಲದೆ ಏನನ್ನೂ ಅಚ್ಚು ಹಾಕುವಂತಿರಲಿಲ್ಲ. ಸೊಸೈಟಿಗೆ ಪುಸ್ತಕಗಳಿಗೆ ಪರವಾನಗಿ ಕೊಡುವ ಹಕ್ಕು ಸನದಿನಿಂದ ಬಂದಿತ್ತು. ಮಂಡಲಿ ಕಾಯುತ್ತಿದ್ದುದು ತನ್ನ ಮಾನವನ್ನು, ಅರಸನ ಮುನಿಸು ತನ್ನ ಮೇಲೆ ಬೀಳದಂತೆ. ಲೇಖಕನ ಹಕ್ಕಿನ ವಿಚಾರ ಅಲ್ಲಿ ಇನ್ನೂ ಹುಟ್ಟಿರಲಿಲ್ಲ.

ಲೇಖಕನ ಹಕ್ಕನ್ನು ಕಾಯ್ದದ್ದು ಓಲ್ಡನ್‌ಬರ್ಗನ ನಡವಳಿಕೆ. ಕಾಗದ ಯಾವ ದಿನ ಬಂತು, ಯಾವ ಸಭೆಯಲ್ಲಿ ಓದಿಸಲಾಯಿತು ಎಂದು ಸೊಸೈಟಿಯ ಪುಸ್ತಕಗಳಲ್ಲಿ ಬರೆದಿಡುವ ಪದ್ಧತಿ ಅವನ ಕೈಯಲ್ಲಿ ಗಟ್ಟಿಯಾಯಿತು. ನಿನ್ನ ಕಾಗದ ಇಂಥ ದಿನ ನಮ್ಮ ಕೈ ಸೇರಿತು ಎಂಬ ಒಂದು ಸಾಲು ಸಿಕ್ಕಿದರೆ ಲೇಖಕನಿಗೆ ಒಗಟಿನ ಅಗತ್ಯವಿರುತ್ತಿರಲಿಲ್ಲ. ಈ ತಾರೀಖಿನ ಬೆಲೆಯನ್ನು ನಮ್ಮ ನೆಲದವರೂ ಅರಿತಿದ್ದರು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಸಿ. ವಿ. ರಾಮನ್ ತಾವು ಕಂಡ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಅದನ್ನು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚು ಮಾಡಿಸಿ, ಪ್ರತಿಗಳನ್ನು ಲೋಕದ ವಿಜ್ಞಾನಿಗಳಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಮಾಸ್ಕೊದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅದೇ ಪರಿಣಾಮವನ್ನು ಸ್ಫಟಿಕದಲ್ಲಿ ಸ್ವತಂತ್ರವಾಗಿ ಕಂಡಿದ್ದರು. ಅವರ ಲೇಖನ ಅಚ್ಚಾದದ್ದು ಆ ವರ್ಷದ ಜುಲೈಯಲ್ಲಿ.

ಲಂಡನ್ನಿಗೆ ಮರಳೋಣ. ಪತ್ರಿಕೆ ಹುಟ್ಟಿದ ವರ್ಷವೇ ಪ್ಲೇಗು ಬಂತು. ಕೆಲವು ಸಂಚಿಕೆಗಳನ್ನು ಆಕ್ಸ್‌ಫರ್ಡಿನಲ್ಲಿ ಮುದ್ರಿಸಬೇಕಾಯಿತು. ಮರುವರ್ಷ ನಗರಕ್ಕೆ ಬೆಂಕಿ ಬಿದ್ದು ಪುಸ್ತಕ ವ್ಯಾಪಾರಿಗಳ ದಾಸ್ತಾನೆಲ್ಲ ಬೂದಿಯಾಯಿತು. 1667ರಲ್ಲಿ ಡಚ್ಚರೊಡನೆ ಯುದ್ಧ ನಡೆದಿರುವಾಗ, ಪರದೇಶಗಳಿಗೆ ಇಷ್ಟೊಂದು ಕಾಗದ ಬರೆಯುವ ಈ ಜರ್ಮನ್ನನ ಮೇಲೆ ಗುಮಾನಿ ಹುಟ್ಟಿ, ಓಲ್ಡನ್‌ಬರ್ಗನನ್ನು ಲಂಡನ್ ಕೋಟೆಯ ಸೆರೆಗೆ ತಳ್ಳಿದರು. ಸುಮಾರು ಎರಡು ತಿಂಗಳ ನಂತರ ಬಿಡುಗಡೆಯಾಗಿ ಬಂದವನು ಮತ್ತೆ ಅದೇ ಮೇಜಿಗೆ ಕೂತು ಅದೇ ಕಾಗದಗಳನ್ನು ಬರೆದ.

ಅವನ ಸಂಪಾದಕತ್ವದ ಅತ್ಯುತ್ತಮ ಗಳಿಗೆ ನನ್ನ ಮಟ್ಟಿಗೆ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿಯದು. ಆಂಟೊನಿ ವಾನ್ ಲೀವೆನ್‌ಹುಕ್‌ಗೆ ವಿಶ್ವವಿದ್ಯಾಲಯದ ಓದಿಲ್ಲ, ಲ್ಯಾಟಿನ್ ಬಾರದು, ಡಚ್ಚನ್ನು ಬಿಟ್ಟು ಬೇರೆ ಭಾಷೆ ತಿಳಿಯದು. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಲ್ಲಿ ಅವನು ನೋಡಿದ್ದನ್ನು ಲೋಕದಲ್ಲಿ ಯಾರೂ ನೋಡಿರಲಿಲ್ಲ. 1673ರಲ್ಲಿ ವೈದ್ಯ ರೆನಿಯರ್ ದ ಗ್ರಾಫ್ ಅವನ ಬರಹವೊಂದನ್ನು ಪರಿಚಯಪತ್ರದೊಡನೆ ಲಂಡನ್ನಿಗೆ ಕಳಿಸಿದ. ಓಲ್ಡನ್‌ಬರ್ಗ್ ಆ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚು ಹಾಕಿದ. 1676ರ ಅಕ್ಟೋಬರಿನಲ್ಲಿ ಬಂದ ಕಾಗದ ಎಲ್ಲರನ್ನೂ ಬೆರಗುಗೊಳಿಸಿತು. ಮಳೆನೀರಿನಲ್ಲಿ, ಮೆಣಸು ನೆನೆಹಾಕಿದ ನೀರಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸಾವಿರ ಸಾವಿರವಾಗಿ ಓಡಾಡುತ್ತಿವೆ ಎಂದು ಅವನು ಬರೆದಿದ್ದ. ನಂಬುವುದು ಹೇಗೆ? ಸುಳ್ಳೆಂದು ಬಿಸಾಡಲು ಲಂಡನ್ನಿನವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವರು ಬಿಸಾಡಲಿಲ್ಲ. ನೀನು ನೋಡುವ ವಿಧಾನ ಯಾವುದು, ಎಣಿಸುವ ವಿಧಾನ ಯಾವುದು, ನಿನ್ನೊಡನೆ ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಲೀವೆನ್‌ಹುಕ್ ತನ್ನ ಊರಿನ ಪಾದ್ರಿಗಳೂ ಸೇರಿದಂತೆ ಎಂಟು ಮಂದಿಯ ಸಾಕ್ಷಿಪತ್ರಗಳನ್ನು ಕಳಿಸಿದ. ಸೊಸೈಟಿ ತಾನೇ ಪ್ರಯೋಗ ಮಾಡಿ ನೋಡಿತು. ಮೊದಲ ಯತ್ನಗಳಲ್ಲಿ ಏನೂ ಕಾಣಲಿಲ್ಲ. 1677ರ ನವೆಂಬರ್ 15ರಂದು ಸೊಸೈಟಿಗಾಗಿ ಪ್ರಯೋಗಗಳನ್ನು ನಡೆಸುತ್ತಿದ್ದ ರಾಬರ್ಟ್ ಹುಕ್ ಸದಸ್ಯರ ಮುಂದೆ ಆ ಜೀವಿಗಳನ್ನು ತೋರಿಸಿದ. ಅದನ್ನು ಕಾಣಲು ಓಲ್ಡನ್‌ಬರ್ಗ್ ಇರಲಿಲ್ಲ, ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ.

ಅವನ ಕೈ ಪೂರ್ತಿ ಶುದ್ಧವಾಗಿತ್ತೆಂದು ಹೇಳಲಾರೆ. 1675ರಲ್ಲಿ ಹೈಗನ್ಸ್ ಸುರುಳಿ ಸ್ಪ್ರಿಂಗಿನಿಂದ ನಡೆಯುವ ಗಡಿಯಾರದ ಸುದ್ದಿಯನ್ನು ಓಲ್ಡನ್‌ಬರ್ಗನಿಗೆ ಬರೆದಾಗ, ಅದು ತನ್ನ ಹಳೆಯ ಕಲ್ಪನೆ, ಕಾರ್ಯದರ್ಶಿಯೇ ಅದನ್ನು ಹೊರಗೆ ದಾಟಿಸಿದ್ದಾನೆ ಎಂದು ಹುಕ್ ಕಿಡಿಕಾರಿದ. ಸುದ್ದಿ ಮಾರುವವನು ಎಂದು ಅಚ್ಚಿನಲ್ಲೇ ಹೀಯಾಳಿಸಿದ. ಹೈಗನ್ಸ್ ಆ ಗಡಿಯಾರದ ಇಂಗ್ಲೆಂಡಿನ ಪೇಟೆಂಟ್ ಹಕ್ಕನ್ನು ಓಲ್ಡನ್‌ಬರ್ಗನಿಗೆ ಬಿಟ್ಟುಕೊಡಲು ಮುಂದಾಗಿದ್ದ. ಹೀಗಿರುವಾಗ ಓಲ್ಡನ್‌ಬರ್ಗ್ ತನ್ನ ಪತ್ರಿಕೆಯಲ್ಲೇ ತನ್ನ ಪರವಾಗಿ ಉತ್ತರ ಬರೆದ. ಮಂಡಲಿ ಅವನು ಪ್ರಾಮಾಣಿಕನೆಂದು ಸಾರಿತು, ನಾನೂ ಹಾಗೇ ನಂಬುತ್ತೇನೆ. ಆದರೂ ಲಾಭದ ಸಂಬಂಧವಿದ್ದವನು ಅದೇ ವಿಚಾರದ ಸಂಪಾದಕನಾಗಬಾರದೆಂಬ ಮಾತು ಅಂದು ಯಾರಿಗೂ ಹೊಳೆಯಲಿಲ್ಲವಲ್ಲ ಎಂಬ ನೋವು ಉಳಿಯುತ್ತದೆ. ಏಕೆಂದರೆ ಮೂವತ್ತೈದು ವರ್ಷಗಳ ಮೇಲೆ ಅದೇ ಸಭೆ, ಅದೇ ಪತ್ರಿಕೆ, ಇನ್ನೂ ಬಲವಾದ ಕೈಯಲ್ಲಿ, ದೊಡ್ಡ ಅನ್ಯಾಯಕ್ಕೆ ಒದಗಿದವು.

ಐಸಾಕ್ ನ್ಯೂಟನ್ ಮೊದಲು ಪತ್ರಿಕೆಯ ಗಾಯ ತಿಂದವನು. 1672ರ ಫೆಬ್ರವರಿಯಲ್ಲಿ ಬೆಳಕು ಮತ್ತು ಬಣ್ಣಗಳ ಮೇಲೆ ಅವನು ಬರೆದ ಪತ್ರ ‘ಟ್ರಾನ್ಸಾಕ್ಷನ್ಸ್’ನಲ್ಲಿ ಅಚ್ಚಾಯಿತು. ಹುಕ್ ಅದನ್ನು ಅವಸರದಲ್ಲಿ ಓದಿ, ಹೊಸದೇನೂ ಇಲ್ಲವೆಂಬ ಧಾಟಿಯಲ್ಲಿ ವರದಿ ಕೊಟ್ಟ. ನೊಂದ ನ್ಯೂಟನ್ ಸೊಸೈಟಿಯನ್ನೇ ಬಿಡುತ್ತೇನೆಂದು ಬರೆದ. ಬೆಳಕಿನ ಮೇಲಣ ತನ್ನ ದೊಡ್ಡ ಗ್ರಂಥವನ್ನು ಹುಕ್ ಸತ್ತ ಮೇಲೆ, 1704ರಲ್ಲಿ ಹೊರತಂದ. ಗಾಯ ತಿಂದವನು ಮತ್ತೊಬ್ಬನ ನೋವನ್ನು ಬಲ್ಲನೆಂದು ನಾವು ನಂಬುತ್ತೇವೆ. ಚರಿತ್ರೆಯಲ್ಲಿ ಹಾಗಾಗಲಿಲ್ಲ.

ಕಲನಶಾಸ್ತ್ರವನ್ನು ನ್ಯೂಟನ್ 1660ರ ದಶಕದಲ್ಲೇ ಕಂಡುಕೊಂಡಿದ್ದ, ಅಚ್ಚು ಹಾಕಿಸಿರಲಿಲ್ಲ. ಜರ್ಮನಿಯ ಪಂಡಿತ ಲೈಬ್ನಿಟ್ಸ್ ಅದನ್ನು ಬೇರೆ ದಾರಿಯಲ್ಲಿ, ಬೇರೆ ಸಂಕೇತಗಳಲ್ಲಿ ಕಂಡುಕೊಂಡು 1684ರಲ್ಲಿ ಲೈಪ್ಜಿಗ್ಗಿನ ‘ಆಕ್ಟಾ ಎರುಡಿಟೋರಮ್’ ಪತ್ರಿಕೆಯಲ್ಲಿ ಪ್ರಕಟಿಸಿದ. 1676ರಲ್ಲಿ ಓಲ್ಡನ್‌ಬರ್ಗನ ಮೂಲಕ ಇಬ್ಬರ ನಡುವೆ ಪತ್ರಗಳು ಓಡಾಡಿದ್ದವು. ಒಂದರಲ್ಲಿ ನ್ಯೂಟನ್ ತನ್ನ ವಿಧಾನದ ತಿರುಳನ್ನು ಅಕ್ಷರಗಳ ಒಗಟಿನಲ್ಲಿ ಅಡಗಿಸಿದ್ದ. ಮುಂದೆ ಜಾನ್ ಕೀಲ್ ಎಂಬವನು, ಲೈಬ್ನಿಟ್ಸ್ ಹೆಸರು ಮತ್ತು ಸಂಕೇತಗಳನ್ನು ಬದಲಿಸಿ ನ್ಯೂಟನ್ನನದನ್ನೇ ಪ್ರಕಟಿಸಿದನೆಂದು ‘ಟ್ರಾನ್ಸಾಕ್ಷನ್ಸ್’ನಲ್ಲಿ ಬರೆದ. ಕೃತಿಚೌರ್ಯದ ಆರೋಪ ಅದು. ಲೈಬ್ನಿಟ್ಸ್ ತಾನೂ ಸೊಸೈಟಿಯ ಸದಸ್ಯ. 1711ರಲ್ಲಿ ನ್ಯಾಯ ಬೇಡಿ ಕಾರ್ಯದರ್ಶಿಗೆ ಪತ್ರ ಬರೆದ.

ಸೊಸೈಟಿಯ ಅಧ್ಯಕ್ಷ ಯಾರು? ನ್ಯೂಟನ್.

1712ರ ಮಾರ್ಚಿನಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಅದರಲ್ಲಿ ಖಗೋಳಜ್ಞ ಹ್ಯಾಲಿ ಮೊದಲಾಗಿ ಬಹುಪಾಲು ನ್ಯೂಟನ್ನನ ಸ್ನೇಹಿತರು. ಕೆಲವರನ್ನು ಸಮಿತಿಗೆ ಸೇರಿಸಿದ್ದು ವರದಿಗೆ ಒಂದೇ ವಾರ ಉಳಿದಿರುವಾಗ. ಏಪ್ರಿಲ್ 24ರಂದು ವರದಿ ಬಂತು: ಮೊದಲು ಕಂಡುಹಿಡಿದವನು ನ್ಯೂಟನ್, ಕೀಲ್ ಲೈಬ್ನಿಟ್ಸ್‌ನನ್ನು ಅವಮಾನಿಸಿಲ್ಲ. ಆ ವರದಿಯ ಕರಡು ನ್ಯೂಟನ್ನನ ಕೈಬರಹದಲ್ಲೇ ದೊರೆತಿದೆ. ಪತ್ರಗಳನ್ನೂ ವರದಿಯನ್ನೂ ಸೇರಿಸಿ ‘ಕಮರ್ಷಿಯಮ್ ಎಪಿಸ್ಟೊಲಿಕಮ್’ ಎಂಬ ಪುಸ್ತಕ ಮಾಡಿ ಯೂರೋಪಿನ ಪಂಡಿತರಿಗೆ ಹಂಚಲಾಯಿತು. ಸಮಿತಿಯಲ್ಲಿದ್ದವರ ಹೆಸರುಗಳು ಅದರಲ್ಲಿ ಇರಲಿಲ್ಲ. 1715ರ ಆರಂಭದಲ್ಲಿ ಆ ಪುಸ್ತಕದ ಒಂದು ದೀರ್ಘ ವಿಮರ್ಶೆ ‘ಟ್ರಾನ್ಸಾಕ್ಷನ್ಸ್’ನಲ್ಲಿ, ಒಂದು ಸಂಚಿಕೆಯ ಬಹುಭಾಗವನ್ನು ತುಂಬಿ ಬಂತು. ಅದಕ್ಕೂ ಬರೆದವನ ಹೆಸರಿಲ್ಲ. ಬರೆದವನು ನ್ಯೂಟನ್ ಎಂಬುದು ಅವನ ಕಾಗದಪತ್ರಗಳಿಂದ ಇಂದು ನಿಸ್ಸಂದೇಹವಾಗಿದೆ. ಆರೋಪಿಸಿದವರ ಯಜಮಾನ, ನ್ಯಾಯಾಧೀಶ, ತೀರ್ಪು ಬರೆದವನು, ತೀರ್ಪನ್ನು ಹೊಗಳಿದ ವಿಮರ್ಶಕ, ನಾಲ್ವರೂ ಒಬ್ಬನೇ.

ನ್ಯೂಟನ್ ಮೊದಲಿಗನೆಂಬುದು ನಿಜ. ಲೈಬ್ನಿಟ್ಸ್ ಕದಿಯಲಿಲ್ಲವೆಂಬುದೂ ನಿಜವೆಂದು ಇಂದಿನ ಇತಿಹಾಸಕಾರರು ಒಪ್ಪಿದ್ದಾರೆ. ನನ್ನನ್ನು ಕಾಡುವುದು ತೀರ್ಪಿನ ಸರಿತಪ್ಪುಗಳಿಗಿಂತ ಹೆಚ್ಚಾಗಿ ಬೇರೊಂದು ಸಂಗತಿ. ಆ ಇಡೀ ವಿಚಾರಣೆಯಲ್ಲಿ ಯಾರೊಬ್ಬರೂ ಲೈಬ್ನಿಟ್ಸ್‌ನನ್ನು, ನಿನ್ನ ಬಳಿ ಏನು ದಾಖಲೆಯಿದೆ, ನಿನ್ನ ಮಾತೇನು ಎಂದು ಕೇಳಲಿಲ್ಲ. ಡೆಲ್ಫ್ಟಿನ ಬಟ್ಟೆ ವ್ಯಾಪಾರಿಯನ್ನು ಕೇಳಿದ ಸಭೆ, ಯೂರೋಪಿನ ಮಹಾಪಂಡಿತನನ್ನು ಕೇಳಲಿಲ್ಲ. 1716ರ ನವೆಂಬರಿನಲ್ಲಿ ಹ್ಯಾನೋವರಿನಲ್ಲಿ ಅವನು ತೀರಿಕೊಂಡಾಗಲೂ ಆ ಕಳಂಕ ತೊಳೆದಿರಲಿಲ್ಲ.

ಆಮೇಲಣ ಕೆಲವು ದಶಕಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪತ್ರಿಕೆ ಕಾರ್ಯದರ್ಶಿಗಳ ಸ್ವಂತ ಹೊಣೆಯಲ್ಲೇ ನಡೆಯಿತು, ಅದರಲ್ಲಿ ಕಸವೂ ಸೇರಿತು. 1751ರಲ್ಲಿ ಜಾನ್ ಹಿಲ್ ಎಂಬ ಲೇಖಕ ಅಂಥ ಬರಹಗಳನ್ನು ಹೆಕ್ಕಿ ತೆಗೆದು ಒಂದು ಪುಸ್ತಕದ ತುಂಬ ಹಂಗಿಸಿದ. ಮಾನ ಹೋದ ಮೇಲೆ ಸೊಸೈಟಿ ಎಚ್ಚೆತ್ತು, 1752ರಲ್ಲಿ ಪತ್ರಿಕೆಯನ್ನು ತಾನೇ ವಹಿಸಿಕೊಂಡು ಪ್ರಬಂಧಗಳ ಸಮಿತಿಯೊಂದನ್ನು ರಚಿಸಿತು. ಕನಿಷ್ಠ ಐವರು ಸೇರಬೇಕು, ಯಾವುದನ್ನು ಅಚ್ಚು ಹಾಕಬೇಕೆಂಬುದನ್ನು ಗುಪ್ತಮತದಿಂದ ತೀರ್ಮಾನಿಸಬೇಕು. ಅಚ್ಚಾದ ವಿಷಯಗಳ ಸತ್ಯಾಸತ್ಯಕ್ಕೆ ಸೊಸೈಟಿ ಹೊಣೆಯಲ್ಲ, ಲೇಖಕರೇ ಹೊಣೆ ಎಂದು ಪ್ರಕಟಣೆ ಹೊರಡಿಸಿದರು. ಒಬ್ಬನ ಕೈಯಿಂದ ಹಲವರ ಕೈಗೆ ಅಧಿಕಾರ ಹೋದದ್ದು ಒಳ್ಳೆಯದೇ. ಮತಪೆಟ್ಟಿಗೆಗೆ ಕಾರಣ ಹೇಳುವ ಬಾಯಿಲ್ಲವೆಂಬುದು ಅದರ ಕೊರತೆ.

ಹತ್ತೊಂಬತ್ತನೆಯ ಶತಮಾನ ಬಂತು. 1830ರಲ್ಲಿ ಚಾರ್ಲ್ಸ್ ಬ್ಯಾಬೇಜ್, ಗಣಕಯಂತ್ರದ ಕನಸು ಕಂಡ ಗಣಿತಜ್ಞ, ಇಂಗ್ಲೆಂಡಿನ ವಿಜ್ಞಾನದ ಅವನತಿಯನ್ನು ಕುರಿತು ಒಂದು ಕಟು ಗ್ರಂಥವನ್ನು ಬರೆದ. ಸೊಸೈಟಿಯ ಆಡಳಿತದ ಮೇಲೆ ಅವನು ಮಾಡಿದ ಟೀಕೆಗಳನ್ನು ಇಂದು ನೆನೆಯುವವರು ಕಡಿಮೆ. ಅದರಲ್ಲಿ ಅವನು ಎಣಿಸಿದ ನಾಲ್ಕು ವಂಚನೆಗಳು ಮಾತ್ರ ಇಂದಿಗೂ ಸಂಪಾದಕರ ನಿದ್ದೆ ಕೆಡಿಸುತ್ತವೆ. ಜನರನ್ನು ಏಮಾರಿಸಿ ನೋಡಲೆಂದೇ ಇಲ್ಲದ್ದನ್ನು ಹಬ್ಬಿಸುವುದು ಒಂದು. ಹೆಸರಿಗಾಗಿ, ಮಾಡದ ಪ್ರಯೋಗವನ್ನು ಮಾಡಿದೆನೆಂದು ಬರೆಯುವುದು ಎರಡನೆಯದು. ಸರಾಸರಿಗಿಂತ ಹೆಚ್ಚಾಗಿ ಬಂದ ಅಂಕಿಗಳಿಂದ ಚೂರು ಕತ್ತರಿಸಿ ಕಡಿಮೆ ಬಂದವುಗಳಿಗೆ ಅಂಟಿಸಿ, ತನ್ನ ಅಳತೆ ಬಹಳ ನಿಖರವೆಂದು ತೋರಿಸುವುದು ಮೂರನೆಯದು. ನೂರಾರು ಅಳತೆ ಮಾಡಿ ತನಗೆ ಒಪ್ಪುವ ಹತ್ತಿಪ್ಪತ್ತನ್ನು ಮಾತ್ರ ಬಡಿಸುವುದು ನಾಲ್ಕನೆಯದು. ಮೂರನೆಯದರಲ್ಲಿ ಸರಾಸರಿ ಬದಲಾಗುವುದಿಲ್ಲವಾದ್ದರಿಂದ ಅದರಿಂದಾಗುವ ಕೇಡು ಅಷ್ಟಿಲ್ಲವೆಂದು ಬ್ಯಾಬೇಜ್ ಎಣಿಸಿದ್ದ. ಅದೊಂದರಲ್ಲಿ ಅವನು ಮೃದುವಾದನೆಂದೇ ನನ್ನ ಎಣಿಕೆ. ಅಳತೆಯ ಅನಿಶ್ಚಿತತೆಯನ್ನು ಮುಚ್ಚುವುದೂ ಸುಳ್ಳೇ.

ಮರುವರ್ಷ ಕೇಂಬ್ರಿಜ್ಜಿನ ವಿಲಿಯಮ್ ಹ್ಯೂವೆಲ್ ಒಂದು ಸಲಹೆ ಕೊಟ್ಟ. ಫ್ರಾನ್ಸಿನ ಅಕಾಡೆಮಿಯಲ್ಲಿದ್ದಂತೆ ಇಲ್ಲೂ ಪ್ರತಿ ಪ್ರಬಂಧವನ್ನು ಬಲ್ಲವರಿಬ್ಬರು ಓದಿ, ಸಹಿ ಹಾಕಿ, ಬರಹದಲ್ಲಿ ವರದಿ ಕೊಡಲಿ. ಆ ವರದಿ ಅಚ್ಚಾಗಲಿ. ಹೊಸ ವಿಚಾರಗಳಿಗೆ ಓದುಗರನ್ನು ದೊರಕಿಸುವುದು ಅವನ ಉದ್ದೇಶ. ಮೊದಲ ವರದಿಗೆ ಆಯ್ದುಕೊಂಡದ್ದು ಭೂಮಿ ಮತ್ತು ಶುಕ್ರರ ಚಲನೆಗಳಲ್ಲಿನ ಒಂದು ಸೂಕ್ಷ್ಮ ವ್ಯತ್ಯಾಸದ ಮೇಲೆ ಖಗೋಳಜ್ಞ ಜಾರ್ಜ್ ಏರಿ ಬರೆದಿದ್ದ ಪ್ರಬಂಧವನ್ನು. ಪರಿಶೀಲಕರಲ್ಲಿ ಒಬ್ಬ ಹ್ಯೂವೆಲ್ ತಾನೇ, ಇನ್ನೊಬ್ಬ ಜಾನ್ ವಿಲಿಯಮ್ ಲಬಕ್, ಲಂಡನ್ನಿನ ಬ್ಯಾಂಕ್ ಮನೆತನದವನು, ಖಗೋಳ ಗಣಿತದಲ್ಲಿ ಗಟ್ಟಿಗ.

ಇಬ್ಬರಿಗೂ ಮೊದಲ ದಿನದಿಂದ ಒಮ್ಮತ ಬರಲಿಲ್ಲ. ಪ್ರಬಂಧದ ಮಹತ್ವವನ್ನು ಓದುಗರಿಗೆ ತಿಳಿಸಬೇಕೆಂದು ಹ್ಯೂವೆಲ್. ತಪ್ಪು ಹುಡುಕಿ ತಿದ್ದಿಸಬೇಕೆಂದು ಲಬಕ್. ಲಬಕ್ ತನ್ನ ಆಕ್ಷೇಪಗಳನ್ನು ನೇರವಾಗಿ ಏರಿಗೇ ಬರೆದ. ಏರಿ ತಾನು ಬರೆದದ್ದಕ್ಕೆ ತಾನೇ ಹೊಣೆಯೆಂದು ಹೇಳಿ ಬದಲಾಯಿಸಲು ಒಪ್ಪಲಿಲ್ಲ. ತಿಕ್ಕಾಟದ ನಂತರ ಮೃದುವಾದ ವರದಿಯೊಂದು 1832ರಲ್ಲಿ ಹೊರಬಂತು. ಆ ಜಗಳವನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಪರಿಶೀಲಕನ ಹೆಸರು ಲೇಖಕನಿಗೆ ಗೊತ್ತಿತ್ತು, ಆಕ್ಷೇಪ ಗೊತ್ತಿತ್ತು, ಉತ್ತರ ಕೊಡುವ ದಾರಿ ತೆರೆದಿತ್ತು. ಆದರೆ ಸಹಿ ಹಾಕಿ ಟೀಕಿಸುವುದು ವಿದ್ವಾಂಸರಿಗೆ ಕಷ್ಟವೆನಿಸಿತು. ಕೆಲವೇ ವರ್ಷಗಳಲ್ಲಿ ವರದಿಗಳು ಗುಟ್ಟಿನ ಕಡತಗಳಾದವು, ಪರಿಶೀಲಕರು ಮರೆಯಲ್ಲಿ ನಿಂತರು.

ಆ ಮರೆಯಿಂದ ಬಂದ ಒಂದು ತೀರ್ಪನ್ನು ಕಾಣಲು ಈಗ ಬೊಂಬಾಯಿಗೆ ಬರಬೇಕು. ಜಾನ್ ಜೇಮ್ಸ್ ವಾಟರ್‌ಸ್ಟನ್ 1811ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದವನು. ರೈಲು ದಾರಿಗಳ ಸರ್ವೆ ಮಾಡಿ, ನೌಕಾ ಇಲಾಖೆಯಲ್ಲಿ ದುಡಿದು, 1839ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾಸೇನೆಯ ಹುಡುಗರಿಗೆ ಪಾಠ ಹೇಳಲು ಬೊಂಬಾಯಿಗೆ ಬಂದ. ಬಿಡುವಿನ ವೇಳೆಯಲ್ಲಿ ಅವನು ಅನಿಲಗಳ ಸ್ವಭಾವವನ್ನು ಚಿಂತಿಸುತ್ತಿದ್ದ. ಗಾಳಿಯೆಂದರೇನು? ಬಿಸಿಲುಕೋಲಿನಲ್ಲಿ ಮುತ್ತಿದ ನುಸಿಗಳಂತೆ ಅಸಂಖ್ಯಾತ ಕಣಗಳು ಎಲ್ಲ ದಿಕ್ಕಿಗೂ ಹಾರುತ್ತ, ಒಂದಕ್ಕೊಂದು ಬಡಿದು ಪುಟಿಯುತ್ತ ಇವೆ. ಅವು ಪಾತ್ರೆಯ ಗೋಡೆಗೆ ಬಡಿಯುವುದೇ ಒತ್ತಡ. ಕಣಗಳ ವೇಗದ ವರ್ಗದ ಸರಾಸರಿಗೆ ತಕ್ಕಂತೆ ಅನಿಲದ ಉಷ್ಣತೆ. ಎರಡು ಬೇರೆ ಅನಿಲಗಳು ಒಂದೇ ಉಷ್ಣತೆಯಲ್ಲಿದ್ದರೆ ಹಗುರ ಕಣಗಳು ವೇಗವಾಗಿ, ಭಾರದವು ನಿಧಾನವಾಗಿ ಓಡುತ್ತವೆ. ಚಲನಶಕ್ತಿ ಮಾತ್ರ ಎರಡರಲ್ಲೂ ಸಮ. ಈ ಕೊನೆಯ ಮಾತನ್ನು ಅವನಿಗಿಂತ ಮೊದಲು ಯಾರೂ ಹೇಳಿರಲಿಲ್ಲ. ಇಂದು ಭೌತಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಅದನ್ನು ಕಲಿಯುತ್ತಾನೆ.

ಇದನ್ನೆಲ್ಲ ಒಂದು ದೀರ್ಘ ಪ್ರಬಂಧವಾಗಿ ಬರೆದು ಹಡಗಿನ ಅಂಚೆಗೆ ಹಾಕಿದ. 1845ರ ಡಿಸೆಂಬರ್ 11ರಂದು ಅದು ರಾಯಲ್ ಸೊಸೈಟಿಯನ್ನು ಮುಟ್ಟಿತು. 1846ರ ಮಾರ್ಚ್ 5ರಂದು ಸಭೆಯ ಮುಂದೆ ಬಂತು. ಪರಿಶೀಲಕರು ಇಬ್ಬರು. ಆಕ್ಸ್‌ಫರ್ಡಿನ ಗಣಿತ ಪ್ರಾಧ್ಯಾಪಕ ಬೇಡನ್ ಪವೆಲ್, ಕಣಗಳ ಬಡಿತವೇ ಒತ್ತಡವೆಂಬ ಮೂಲತತ್ತ್ವವನ್ನೇ ಒಪ್ಪಲಾಗದೆಂದು ಬರೆದ. ಎರಡನೆಯವನು ಇದು ಬರೀ ಅಸಂಬದ್ಧ ಪ್ರಲಾಪ, ಸೊಸೈಟಿಯ ಮುಂದೆ ಓದಲೂ ಯೋಗ್ಯವಲ್ಲವೆಂದು ತೀರ್ಪಿತ್ತ. ಆ ಎರಡನೆಯವನು ಜಾನ್ ವಿಲಿಯಮ್ ಲಬಕ್. ಹದಿನಾಲ್ಕು ವರ್ಷಗಳ ಹಿಂದೆ ಏರಿಯ ಪ್ರಬಂಧದಲ್ಲಿ ತಪ್ಪು ಕಂಡಾಗ ಲೇಖಕನಿಗೇ ಪತ್ರ ಬರೆದು ವಾದಿಸಿದವನು ಇವನೇ. ಏರಿ ಸಮಾನಸ್ಕಂಧ, ಕೇಂಬ್ರಿಜ್ಜಿನವನು, ಕರೆದರೆ ಕೇಳುವಷ್ಟು ಹತ್ತಿರದವನು. ಬೊಂಬಾಯಿಯ ಮೇಷ್ಟರಿಗೆ ಒಂದು ಪ್ರಶ್ನೆಯನ್ನೂ ಬರೆಯಬೇಕೆಂದು ಅವನಿಗೆ ಅನಿಸಲಿಲ್ಲ.

ಅನ್ಯಾಯ ಅಲ್ಲಿಗೇ ಮುಗಿದಿದ್ದರೆ ವಾಟರ್‌ಸ್ಟನ್ ಅದನ್ನು ಬೇರೆ ಪತ್ರಿಕೆಗೆ ಕಳಿಸಬಹುದಿತ್ತು. ಸಭೆಯ ಮುಂದೆ ಬಂದ ಪ್ರಬಂಧ ಸೊಸೈಟಿಯ ಆಸ್ತಿಯೆಂಬುದು ಅಂದಿನ ನಿಯಮ. ಅಚ್ಚಾಗಲಿ ಬಿಡಲಿ, ಹಿಂದಿರುಗಿಸುತ್ತಿರಲಿಲ್ಲ. ವಾಟರ್‌ಸ್ಟನ್ ನಕಲು ಇಟ್ಟುಕೊಂಡಿರಲಿಲ್ಲ. ಸೊಸೈಟಿಯ ‘ಪ್ರೊಸೀಡಿಂಗ್ಸ್’ನಲ್ಲಿ ಬಂದ ಚಿಕ್ಕ ಸಾರಾಂಶವನ್ನು ಯಾರೂ ಗಮನಿಸಲಿಲ್ಲ. 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಮುಂದೆ ಅವನು ಮತ್ತೆ ಕೆಲವು ಮಾತು ಹೇಳಿಸಿದ. ಅದಕ್ಕೂ ಕಿವಿ ಸಿಗಲಿಲ್ಲ. 1857ರಲ್ಲಿ ಅವನು ಕೆಲಸ ಬಿಟ್ಟು ಸ್ಕಾಟ್ಲೆಂಡಿಗೆ ಮರಳಿದ. ಅದೇ ವರ್ಷ ಜರ್ಮನಿಯ ಕ್ಲಾಸಿಯಸ್ ಇದೇ ಸಿದ್ಧಾಂತದ ಮೇಲೆ ತನ್ನ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ. ಅದೇ ವರ್ಷ ರಾಯಲ್ ಸೊಸೈಟಿ ಸಾಮರ್‌ಸೆಟ್ ಹೌಸಿನಿಂದ ಬರ್ಲಿಂಗ್ಟನ್ ಹೌಸಿಗೆ ಮನೆ ಬದಲಾಯಿಸಿತು. ಗಂಟುಕಟ್ಟಿದ ಕಡತಗಳ ಜೊತೆ ಆ ಹಸ್ತಪ್ರತಿಯೂ ಹೊಸ ಮನೆಗೆ ಹೋಯಿತು. 1860ರಲ್ಲಿ ಮ್ಯಾಕ್ಸ್‌ವೆಲ್‌ನ ಮಹಾಪ್ರಬಂಧ ಬಂತು. ಜಗತ್ತು ಹೊಸ ಸಿದ್ಧಾಂತವನ್ನು ಕೊಂಡಾಡುತ್ತಿರುವಾಗ ಅದರ ಮೊದಲ ಶಿಲ್ಪಿ ಸ್ಕಾಟ್ಲೆಂಡಿನಲ್ಲಿ ಒಂಟಿಯಾಗಿ ಬದುಕಿದ್ದ. ವಿದ್ವತ್ಸಭೆಗಳ ಮಾತೆತ್ತಿದರೆ ಅವನು ಕಟುವಾಗಿ ಮಾತಾಡುತ್ತಿದ್ದನೆಂದು ಬಂಧುಗಳು ನೆನೆದಿದ್ದಾರೆ. 1883ರ ಜೂನಿನಲ್ಲಿ ಒಂದು ದಿನ ಮನೆಯಿಂದ ಹೊರಟವನು ಹಿಂದಿರುಗಲಿಲ್ಲ.

1891ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ.  ಶಬ್ದದ ಮೇಲೆ ವಾಟರ್‌ಸ್ಟನ್ 1858ರಲ್ಲಿ ಬರೆದಿದ್ದ ಲೇಖನವನ್ನು ಓದುವಾಗ ಈ ಹಳೆಯ ಪ್ರಬಂಧದ ಪ್ರಸ್ತಾಪ ಕಣ್ಣಿಗೆ ಬಿತ್ತು. ಹೋಗಿ ಕಡತಗಳಲ್ಲಿ ಹುಡುಕಿಸಿದ, ಸಿಕ್ಕಿತು. ಓದಿ ದಂಗಾದ. 1892ರ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ನಲ್ಲಿ ತನ್ನ ಮುನ್ನುಡಿಯೊಡನೆ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದ. ಅದು ಸಕಾಲದಲ್ಲಿ ಪ್ರಕಟವಾಗದೆ ಹೋದದ್ದರಿಂದ ಈ ಶಾಸ್ತ್ರದ ಬೆಳವಣಿಗೆ ಹತ್ತು ಹದಿನೈದು ವರ್ಷ ಹಿಂದೆ ಬಿತ್ತೆಂದು ಮುಚ್ಚುಮರೆಯಿಲ್ಲದೆ ಬರೆದ. ತನ್ನ ಸಂಸ್ಥೆಯ ತಪ್ಪನ್ನು ತನ್ನ ಸಂಸ್ಥೆಯ ಪತ್ರಿಕೆಯಲ್ಲೇ ಹೇಳಿ, ತೀರಿಕೊಂಡವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ ಆ ಕಾರ್ಯದರ್ಶಿಯ ಮುಂದೆ ನಾನು ತಲೆಬಾಗುತ್ತೇನೆ.

ಅದೇ ಮುನ್ನುಡಿಯಲ್ಲಿ ರೇಲಿ ಇನ್ನೊಂದು ಮಾತನ್ನೂ ಸೇರಿಸಿದ. ಹೆಸರಿಲ್ಲದ ಲೇಖಕನು ಇಂಥ ಸಾಹಸದ ವಿಚಾರಗಳನ್ನು ವಿದ್ವತ್ಸಭೆಗೆ ತರದೆ ಬೇರೆ ಮಾರ್ಗದಿಂದ ಲೋಕಕ್ಕೆ ತಿಳಿಸುವುದು ಮೇಲು. ದೊಡ್ಡ ಹಾರಾಟಕ್ಕೆ ಮೊದಲು, ಬೆಲೆ ಸುಲಭವಾಗಿ ತಿಳಿಯುವಂಥ ಚಿಕ್ಕ ಕೆಲಸಗಳಿಂದ ಅವನು ಹೆಸರು ಗಳಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಅಷ್ಟು ದೊಡ್ಡ ಮನುಷ್ಯನ ಈ ಸಲಹೆಯನ್ನು ನಾನು ಒಪ್ಪಲಾರೆ. ಲಬಕ್‌ನ ತಿಳಿವಳಿಕೆ ತಪ್ಪಿದ್ದು ಕ್ಷಮಿಸಬಹುದಾದ ಸಂಗತಿ. ತನ್ನ ಕಾಲವನ್ನು ಮೀರಿದ್ದು ಎಲ್ಲರಿಗೂ ಅರ್ಥವಾಗಬೇಕೆಂದಿಲ್ಲ. ಲೇಖಕನನ್ನು ಕೇಳದೆ, ಕಾರಣ ತಿಳಿಸದೆ, ಹಸ್ತಪ್ರತಿಯನ್ನೂ ಹಿಂದಿರುಗಿಸದೆ ತೀರ್ಪು ಕೊಟ್ಟದ್ದು ಕ್ಷಮೆಗೆ ಸಲ್ಲುವುದಿಲ್ಲ. 1676ರಲ್ಲಿ ಮಳೆನೀರಿನ ಜೀವಿಗಳ ಸುದ್ದಿ ಬರೆದವನಿಗೂ ಹೆಸರಿರಲಿಲ್ಲ. ಅವನಿಗೆ ಬೇರೆ ಮಾರ್ಗ ನೋಡಿಕೋ ಎಂದು ಸೊಸೈಟಿ ಹೇಳಲಿಲ್ಲ. ಪ್ರಶ್ನೆ ಕೇಳಿತು, ಉತ್ತರಕ್ಕೆ ಕಾಯಿತು, ತಾನೂ ಮಾಡಿ ನೋಡಿತು. 1680ರಲ್ಲಿ ಆ ಬಟ್ಟೆ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.